ಆ ಸಹಿಯನ್ನು ನಂಬಿ ಮಲಗಬೇಡಿ

ಇಂಗ್ಲೆಂಡಿನಲ್ಲೋ ಸ್ಕಾಟ್ಲೆಂಡಿನಲ್ಲೋ ವೇಲ್ಸಿನಲ್ಲೋ ಬಾಡಿಗೆ ಮನೆಯಲ್ಲಿರುವ ಕನ್ನಡದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಮುಂದೆ ಓದುವ ಮುಂಚೆ ನಿಮ್ಮ ಇ-ಮೇಲ್ ತೆರೆದು ‘ಗ್ಯಾಸ್’ ಅಂತ ಹುಡುಕಿ. ಮನೆಗೆ ಬರುವಾಗ ಏಜೆಂಟ್ ಕಳಿಸಿದ ಹತ್ತಾರು ಪಿಡಿಎಫ್‌ಗಳ ನಡುವೆ ಗ್ಯಾಸ್ ಸೇಫ್ಟಿ ರೆಕಾರ್ಡ್ ಅನ್ನುವುದೊಂದು ಇರಬೇಕು. ಏಜೆಂಟರ ಬಾಯಲ್ಲಿ ಅದಕ್ಕೆ ಇವತ್ತಿಗೂ ಸಿಪಿ12 ಅಂತಲೇ ಹೆಸರು. ಮನೆಯಲ್ಲಿ ಗ್ಯಾಸ್ ಇದ್ದೂ ಅದು ನಿಮ್ಮ ಕೈಗೆ ಬಂದೇ ಇಲ್ಲವೆಂದರೆ ಓನರ್ ಈಗಾಗಲೇ ಕಾಯ್ದೆ ಮುರಿದಿದ್ದಾರೆ. ಸಿಕ್ಕಿದ್ದರೆ ಒಳ್ಳೆಯದು. ಆದರೆ ನಾನು ಬರೆಯುತ್ತಿರುವುದು ಮುಖ್ಯವಾಗಿ ಸಿಕ್ಕವರಿಗೇ. ಕಾಗದವಿಲ್ಲದವರಿಗೆ ಏನೋ ಕಡಿಮೆಯಾಗಿದೆ ಅಂತಾದರೂ ಗೊತ್ತಿರುತ್ತದೆ. ಕಾಗದವಿದ್ದು, ಅದರ ಹಿಂದೆ ತಪಾಸಣೆಯೇ ಇಲ್ಲದಿದ್ದರೆ ಮನೆಮಂದಿಯೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ನನಗೆ ಭಯ ಆ ನಿದ್ದೆಯದೇ.

ಲಂಡನ್ನಿನ ಪೂರ್ವಭಾಗದಲ್ಲಿ ಒಂದು ಹಳೆಯ ಸಾಲುಮನೆ. ಒಳಗೆ ಐವರು ಹುಡುಗರು, ದಾವಣಗೆರೆ, ಹಾಸನ, ಬೀದರ್ ಕಡೆಯವರು. ನಾನು ಊಟಕ್ಕೆ ಹೋಗಿದ್ದ ದಿನವೇ ವರ್ಷದ ಗ್ಯಾಸ್ ತಪಾಸಣೆಯೂ ಇತ್ತು. ಎಂಜಿನಿಯರ್ ಬಂದ, ಅಡುಗೆಮನೆಯ ಮೂಲೆಯ ಕಪಾಟಿನ ಬಾಗಿಲು ತೆಗೆದ. ಬಾಯ್ಲರಿಗೆ ಅಡ್ಡಲಾಗಿ ಸೂಟ್‌ಕೇಸು, ಇಸ್ತ್ರಿ ಮೇಜು, ಸೋನಾ ಮಸೂರಿ ಚೀಲ. ಯಾವುದನ್ನೂ ಸರಿಸಲಿಲ್ಲ. ಬಾಯ್ಲರಿನ ಮುಚ್ಚಳದ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಫೋನಿನಲ್ಲಿ ಫೋಟೊ ತೆಗೆದುಕೊಂಡ, ಬಿಸಿನೀರಿನ ನಲ್ಲಿ ತಿರುಗಿಸಿ ಕೈಯಿಟ್ಟು ನೋಡಿ ತಲೆಯಾಡಿಸಿದ. ಒಲೆಯತ್ತ ಕಣ್ಣು ಹಾಯಿಸಿದ, ಹಚ್ಚಲಿಲ್ಲ. ರಸ್ತೆಗೆ ಮುಖವಿದ್ದ ಹಾಲನ್ನೇ ಓನರ್ ಬೆಡ್‌ರೂಮ್ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿ ಗೋಡೆಗೆ ಹಳೆಯ ಗ್ಯಾಸ್ ಫೈರ್, ಅದರೆದುರು ಹಾಸಿಗೆ, ಹಾಸಿಗೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದ ಹುಡುಗ. ಮಲಗಿದವನನ್ನು ಎಬ್ಬಿಸುವುದು ಬೇಡ ಎಂದು ಸೌಜನ್ಯ ತೋರಿಸಿ ಆ ಮನುಷ್ಯ ಹೊರಟೇಹೋದ. ನಾವು ಕೊಟ್ಟ ಟೀ ಇನ್ನೂ ಆರಿರಲಿಲ್ಲ. ಸಂಜೆ ಮೇಲ್ ಬಂತು. ಬಾಯ್ಲರ್ ಪಾಸ್. ಒಲೆ ಪಾಸ್. ಹೊಗೆಕೊಳವೆ ಪಾಸ್. ಗ್ಯಾಸ್ ಫೈರಿನ ಸುದ್ದಿಯೇ ಇಲ್ಲ. ತೋಳಿಗೆ ಪಟ್ಟಿ ಕಟ್ಟದೆಯೇ ಬಿಪಿ 120/80 ಎಂದು ಬರೆದುಕೊಟ್ಟ ಹಾಗಿತ್ತು.

‘ಹೋಗ್ಲಿ ಬಿಡಣ್ಣ, ಸರ್ಟಿಫಿಕೇಟ್ ಬಂತಲ್ಲ’ ಅಂದ ಹುಡುಗರಲ್ಲೊಬ್ಬ. ಈ ಬರಹ ಆ ಮಾತಿಗೆ ನನ್ನ ಉತ್ತರ.

ಆ ಕಾಗದ ಏಜೆಂಟರ ಫೈಲು ತುಂಬಿಸಲು ಹುಟ್ಟಿದ್ದಲ್ಲ. 1998ರ ಗ್ಯಾಸ್ ಸುರಕ್ಷತಾ ನಿಯಮಗಳ 36ನೇ ನಿಯಮದ ಪ್ರಕಾರ, ಬಾಡಿಗೆಗೆ ಕೊಟ್ಟ ಮನೆಯಲ್ಲಿ ಓನರಿಗೆ ಸೇರಿದ ಪ್ರತಿಯೊಂದು ಗ್ಯಾಸ್ ಉಪಕರಣವನ್ನೂ ಹೊಗೆ ಹೊರಹೋಗುವ ಕೊಳವೆಯನ್ನೂ 12 ತಿಂಗಳಿಗೊಮ್ಮೆ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿರುವ ಎಂಜಿನಿಯರಿಂದ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಯಾದ 28 ದಿನದೊಳಗೆ ರೆಕಾರ್ಡಿನ ಪ್ರತಿ ಮನೆಯಲ್ಲಿರುವವರ ಕೈಸೇರಬೇಕು, ಹೊಸಬರಿಗಾದರೆ ಅವರು ಕಾಲಿಡುವ ಮುಂಚೆಯೇ. ಪರೀಕ್ಷೆ ಅಂದರೇನು ಅನ್ನುವುದನ್ನೂ ಅದೇ ನಿಯಮಗಳು ಹೇಳುತ್ತವೆ: ಹೊಗೆ ಸರಿಯಾಗಿ ಹೊರಗೆ ಹೋಗುತ್ತಿದೆಯೇ, ಉರಿಯಲು ಬೇಕಾದಷ್ಟು ಗಾಳಿ ಬರುತ್ತಿದೆಯೇ, ಗ್ಯಾಸಿನ ಒತ್ತಡ ಅಥವಾ ಉರಿಯ ಪ್ರಮಾಣ ಇರಬೇಕಾದಷ್ಟಿದೆಯೇ, ಅಪಾಯವಾದಾಗ ಉಪಕರಣ ತಾನೇ ಆರುವ ವ್ಯವಸ್ಥೆ ಕೆಲಸ ಮಾಡುತ್ತಿದೆಯೇ. ಇದರಲ್ಲಿ ಯಾವುದನ್ನೂ ನಲ್ಲಿಯ ಕೆಳಗೆ ಕೈಯಿಟ್ಟು ತಿಳಿಯಲಾಗದು.

ಈ ಶಿಸ್ತು ಸುಮ್ಮನೆ ಬಂದದ್ದಲ್ಲ. ನಮ್ಮ ಹುಡುಗರು ದೋಸೆ ತಿನ್ನಲು ಹೋಗುವ ಈಸ್ಟ್ ಹ್ಯಾಮ್ ಇರುವುದು ಲಂಡನ್ನಿನ ನ್ಯೂಹ್ಯಾಮ್ ಎಂಬ ಆಡಳಿತ ವಿಭಾಗದಲ್ಲಿ. ಅದೇ ನ್ಯೂಹ್ಯಾಮಿನಲ್ಲಿ ರೊನಾನ್ ಪಾಯಿಂಟ್ ಅನ್ನುವ 22 ಮಹಡಿಯ ಕಟ್ಟಡವಿತ್ತು. 1968ರ ಮೇ 16ರ ಬೆಳಗ್ಗೆ 18ನೇ ಮಹಡಿಯ ಬಾಡಿಗೆದಾರರೊಬ್ಬರು ಟೀ ಕಾಯಿಸಲು ಕಡ್ಡಿ ಗೀರಿದರು. ಒಲೆಗೆ ಗ್ಯಾಸ್ ಕೊಡುವ ಕೊಳವೆಯ ಹಿತ್ತಾಳೆ ನಟ್ಟು ಒಡೆದು ಗ್ಯಾಸ್ ತುಂಬಿಕೊಂಡಿತ್ತು. ಹೊಚ್ಚ ಹೊಸ ಕಟ್ಟಡದ ಒಂದು ಮೂಲೆ ಪೂರ್ತಿ ಕುಸಿದು ನಾಲ್ವರು ಸತ್ತರು. ಕಡ್ಡಿ ಗೀರಿದವರು ಬದುಕುಳಿದರು, ಸತ್ತವರು ಬೇರೆ ಮಹಡಿಗಳಲ್ಲಿದ್ದ ನೆರೆಹೊರೆಯವರು. ಆ ದುರಂತದ ಬೆನ್ನಿಗೇ 1970ರಲ್ಲಿ ಗ್ಯಾಸ್ ಕೆಲಸಗಾರರ ನೋಂದಣಿಗೆ ಕೊರ್ಗಿ ಅನ್ನುವ ಸಂಸ್ಥೆ ಹುಟ್ಟಿತು. 2009ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ ಗ್ಯಾಸ್ ಸೇಫ್ ರಿಜಿಸ್ಟರ್ ಬಂತು. ಸಿಪಿ12 ಅನ್ನುವ ಅಡ್ಡಹೆಸರು ಕೊರ್ಗಿಯ ಕಾಲದ ಒಂದು ಫಾರಂನದು. ಇಷ್ಟು ದೊಡ್ಡ ಬೆಲೆ ತೆತ್ತು ಕಟ್ಟಿದ ವ್ಯವಸ್ಥೆಯನ್ನು ಟೀ ಆರುವಷ್ಟರಲ್ಲಿ ಮುಗಿಸಿ ಹೋಗುವವನನ್ನು ನಾವು ಥ್ಯಾಂಕ್ಯೂ ಹೇಳಿ ಬೀಳ್ಕೊಡುತ್ತೇವೆ.

ನಮ್ಮವರ ತಲೆಯಲ್ಲಿ ಒಂದು ತಪ್ಪು ಲೆಕ್ಕ ಗಟ್ಟಿಯಾಗಿ ಕೂತಿದೆ: ಗ್ಯಾಸ್ ಅಪಾಯ ಅಂದರೆ ವಾಸನೆ. ಊರಿನಲ್ಲಿ ಸಿಲಿಂಡರ್ ಸೋರಿದರೆ ಮೂಗಿಗೆ ಹೊಡೆಯುತ್ತದೆ, ಅಮ್ಮ ಓಡಿಬಂದು ರೆಗ್ಯುಲೇಟರ್ ತಿರುಗಿಸುತ್ತಾಳೆ. ಅದು ಸೋರಿಕೆ. ಗ್ಯಾಸ್ ಸರಿಯಾಗಿ ಉರಿಯದೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಆಸೆಯಿಂದ ಇದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು. ಥಂಡಿ ದೇಶ, ಫ್ಲೂ ಇರಬೇಕು ಅಂತ ಪ್ಯಾರಸಿಟಮಾಲ್ ನುಂಗಿ ಕಿಟಕಿ ಬಿಗಿಯಾಗಿ ಮುಚ್ಚಿ ಮಲಗುತ್ತೀರಿ. ಜ್ವರವಿಲ್ಲದ ಫ್ಲೂ, ಆಫೀಸಿಗೆ ಹೋದರೆ ಇಳಿದು ಮನೆಗೆ ಬಂದರೆ ಏರುವ ತಲೆನೋವು, ಮನೆಯಲ್ಲಿದ್ದವರಿಗೆಲ್ಲ ಒಟ್ಟಿಗೆ ಬರುವ ವಾಕರಿಕೆ – ಇವು ಕಂಡರೆ ಮೊದಲು ಬಾಯ್ಲರನ್ನು ಅನುಮಾನಿಸಿ. ನೀಲಿಯಾಗಿ ನಿಗುರಿ ಉರಿಯಬೇಕಾದ ಜ್ವಾಲೆ ಹಳದಿಯಾಗಿ ಓಲಾಡುತ್ತಿದ್ದರೆ, ಉಪಕರಣದ ಸುತ್ತ ಮಸಿ ಹಿಡಿದಿದ್ದರೆ ಆಗಲೂ ಅಷ್ಟೇ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ ‘98 ಇದೆ, ಏನೂ ಆಗಿಲ್ಲ’ ಅನ್ನುವವರನ್ನು ಕಂಡಿದ್ದೇನೆ. ದಯವಿಟ್ಟು ಕೇಳಿ, ಆ ಸಾಧನಕ್ಕೆ ಕಾರ್ಬನ್ ಮಾನಾಕ್ಸೈಡ್ ಹೊತ್ತ ರಕ್ತಕ್ಕೂ ಆಮ್ಲಜನಕ ಹೊತ್ತ ರಕ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ವಿಷವೇರಿದವನಿಗೂ ಅದು ಚೆಂದದ ಅಂಕಿಯನ್ನೇ ತೋರಿಸುತ್ತದೆ. ಗೊತ್ತಾಗುವುದು ರಕ್ತಪರೀಕ್ಷೆಯಿಂದ, ಅದೂ ತಡಮಾಡದೆ ಮಾಡಿಸಿದರೆ. ಆಸ್ಪತ್ರೆಯಲ್ಲಿ ‘ಕಾರ್ಬನ್ ಮಾನಾಕ್ಸೈಡ್ ಇರಬಹುದು’ ಎಂದು ನೀವೇ ಬಾಯಿಬಿಟ್ಟು ಹೇಳಿ.

ಮನೆಯ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಕೂಗಿದರೆ, ಇಲ್ಲವೇ ಇಂಥ ಲಕ್ಷಣ ಕಂಡರೆ ಓನರಿಗೆ ವಾಟ್ಸಾಪ್ ಮಾಡಿ ನೀಲಿ ಟಿಕ್ಕಿಗಾಗಿ ಕಾಯಬೇಡಿ. ಉಪಕರಣ ಆರಿಸಿ, ಕಿಟಕಿ ಬಾಗಿಲು ತೆರೆಯಿರಿ, ಮೀಟರಿನ ಪಕ್ಕದ ಹಿಡಿಕೆಯನ್ನು ಪೈಪಿಗೆ ಅಡ್ಡವಾಗಿ ತಿರುಗಿಸಿ ಗ್ಯಾಸ್ ಬಂದ್ ಮಾಡಿ, ಎಲ್ಲರನ್ನೂ ಹೊರಗೆ ಕರೆತಂದು 0800 111 999ಕ್ಕೆ ಫೋನ್ ಮಾಡಿ. ವಾಸನೆಯೇ ಬಂದಿದ್ದರೆ ಲೈಟಿನ ಸ್ವಿಚ್ಚನ್ನೂ ಮುಟ್ಟಬೇಡಿ. ಆ ನಂಬರು ರಾತ್ರಿ ಹಗಲು ತೆರೆದಿರುತ್ತದೆ, ಬಂದವರು ದುಡ್ಡು ಕೇಳುವುದಿಲ್ಲ. ಅವರು ಅಪಾಯ ನಿಲ್ಲಿಸಿ ಹೋಗುತ್ತಾರೆ, ರಿಪೇರಿ ಓನರಿನ ಪಾಲು. ನಡುಚಳಿಗಾಲದಲ್ಲಿ ಹೀಟಿಂಗ್ ಇಲ್ಲದೆ ಒದ್ದಾಡಬೇಕಾಗುತ್ತದೆ ಎಂಬ ಲೆಕ್ಕದಲ್ಲಿ ಈ ಫೋನ್ ಮಾಡದೆ ಕೂತವರಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಸಂಕಟವಿದೆ.

ಇನ್ನು ಆ ಸುಳ್ಳು ಪಾಸಿನ ಮಾತು. ರೆಕಾರ್ಡನ್ನು ಕೈಯಲ್ಲಿ ಹಿಡಿದು ಮನೆಯೆಲ್ಲ ಸುತ್ತಿ. ಇರುವ ಉಪಕರಣಗಳೆಲ್ಲ, ಅವು ಇರುವ ಜಾಗ ಸಮೇತ, ಅದರಲ್ಲಿವೆಯೇ? ತಾರೀಖು, ವಿಳಾಸ, ಸಹಿ, ನೋಂದಣಿ ಸಂಖ್ಯೆ ಇವೆಯೇ? ಆ ಸಂಖ್ಯೆಯನ್ನು ಗ್ಯಾಸ್ ಸೇಫ್ ರಿಜಿಸ್ಟರಿನ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಇಲ್ಲವೇ 0800 408 5500ಕ್ಕೆ ಫೋನ್ ಮಾಡಿ ಕೇಳಿ. ಎಂಜಿನಿಯರಿನ ಗುರುತಿನ ಚೀಟಿಯ ಹಿಂಬದಿಯಲ್ಲಿ ಯಾವ ಯಾವ ಕೆಲಸಕ್ಕೆ ಅರ್ಹತೆಯಿದೆ ಎಂದು ಬರೆದಿರುತ್ತದೆ. ಬಾಯ್ಲರಿಗೆ ಅರ್ಹತೆಯಿದ್ದವನಿಗೆ ಗ್ಯಾಸ್ ಫೈರ್ ಮುಟ್ಟುವ ಅರ್ಹತೆ ಇರಲೇಬೇಕೆಂದಿಲ್ಲ. ಅವನು ಬಾಗಿಲಲ್ಲಿ ನಿಂತಾಗಲೇ ಚೀಟಿಯ ಎರಡೂ ಬದಿ ಕೇಳಿ ನೋಡಿ. ನಾಚಿಕೆ ಯಾಕೆ? ಸಂತೆಯಲ್ಲಿ ಕಲ್ಲಂಗಡಿಯನ್ನೇ ಬಡಿದು ನೋಡದೆ ಕೊಳ್ಳದ ಜನ ನಾವು.

ಆಮೇಲೆ ಬರೆಯಿರಿ. ಫೋನಿನಲ್ಲಿ ಹೇಳುವುದಲ್ಲ, ಬರೆಯುವುದು. ಯಾವ ದಿನ, ಎಷ್ಟು ಹೊತ್ತಿಗೆ ಬಂದ, ಎಷ್ಟು ಹೊತ್ತಿಗೆ ಹೋದ, ಏನನ್ನು ತೆರೆಯಲಿಲ್ಲ, ಯಾವ ಕೋಣೆಗೆ ಕಾಲಿಡಲಿಲ್ಲ. ಕೋಪ ಬೇಡ, ವಿಶೇಷಣ ಬೇಡ. ಬೇರೆ ಎಂಜಿನಿಯರಿಂದ ಮತ್ತೆ ಪರೀಕ್ಷೆ ಮಾಡಿಸಿ ಎಂದು ಓನರಿಗೂ ಏಜೆಂಟಿಗೂ ಒಂದೇ ಮೇಲ್. ಆ ಖರ್ಚು ಓನರಿನದು. ಇಂಗ್ಲೆಂಡಿನಲ್ಲಿ 2019ರ ಕಾಯ್ದೆ ಬಂದ ಮೇಲೆ ಇಂಥದ್ದಕ್ಕೆ ಬಾಡಿಗೆದಾರರಿಂದ ದುಡ್ಡು ಕೇಳುವಂತಿಲ್ಲ. ಜೊತೆಗೇ ಗ್ಯಾಸ್ ಸೇಫ್ ರಿಜಿಸ್ಟರಿಗೆ ದೂರು ಕೊಡಿ. ತಮ್ಮಲ್ಲಿ ನೋಂದಾಯಿಸಿದವರ ಕೆಲಸದ ಮೇಲೆ ಅನುಮಾನ ಬಂದರೆ ಅವರ ಇನ್ಸ್‌ಪೆಕ್ಟರ್ ಬಂದು ನೋಡುವ ವ್ಯವಸ್ಥೆಯಿದೆ, ಅದಕ್ಕೆ ಶುಲ್ಕವಿಲ್ಲ. ನೋಂದಣಿಯೇ ಇಲ್ಲದವನು ಬಂದು ಸಹಿ ಹಾಕಿದ್ದರೆ ಅದು ಅಪರಾಧ, ಅದನ್ನೂ ಅಲ್ಲೇ ತಿಳಿಸಬೇಕು. ರೆಕಾರ್ಡ್ ಕೊಡಲೊಲ್ಲದ ಓನರಿನ ಮೇಲೆ ದೂರು ಹೋಗಬೇಕಾದದ್ದು ಎಚ್‌ಎಸ್‌ಇ ಎಂಬ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಗೆ. ಮನೆಯೇ ಅಪಾಯಕಾರಿ ಅನ್ನಿಸಿದರೆ ಕೌನ್ಸಿಲಿನ ಪರಿಸರ ಆರೋಗ್ಯ ವಿಭಾಗಕ್ಕೆ ಬರೆಯಿರಿ. 2004ರ ವಸತಿ ಕಾಯ್ದೆಯಡಿ ಅವರು ತೂಗಿ ನೋಡುವ ಅಪಾಯಗಳ ಪಟ್ಟಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹೆಸರು ಹಿಡಿದೇ ಇದೆ.

ಆ ಐವರು ಹುಡುಗರು ಬರೆದರು. ಏಜೆಂಟರ ಉತ್ತರ ಒಂದೇ ಸಾಲು: ಸರ್ಟಿಫಿಕೇಟ್ ಮುಂದಿನ ವರ್ಷದವರೆಗೆ ಚಾಲ್ತಿಯಲ್ಲಿದೆ. ಬೇರೆ ಬೇರೆ ಮನೆತನದ ಐವರು ಒಂದೇ ಮನೆಯಲ್ಲಿದ್ದರೆ ಇಂಗ್ಲೆಂಡಿನಲ್ಲಿ ಓನರಿಗೆ ಕೌನ್ಸಿಲಿನ ಎಚ್‌ಎಂಒ ಲೈಸೆನ್ಸ್ ಬೇಕು. ಆ ಲೈಸೆನ್ಸ್ ಇದ್ದವರು ಪ್ರತಿ ವರ್ಷ ಗ್ಯಾಸ್ ರೆಕಾರ್ಡನ್ನು ಕೌನ್ಸಿಲಿಗೂ ಒಪ್ಪಿಸಬೇಕು. ಹುಡುಗರು ಎರಡನೇ ಮೇಲ್‌ನಲ್ಲಿ ಕೌನ್ಸಿಲಿನ ವಿಳಾಸವನ್ನೂ ಸೇರಿಸಿದರು. ಏಜೆಂಟರ ದನಿಯೇ ಬದಲಾಯಿತು. ಅದೇ ವಾರ ಒಬ್ಬಳು ಎಂಜಿನಿಯರ್ ಬಂದಳು. ಮೊದಲು ಅಕ್ಕಿ ಚೀಲ ಸರಿಸಲು ಹೇಳಿದಳು, ಬಾಯ್ಲರಿನ ಹೊಗೆಗೆ ಯಂತ್ರದ ಸಲಾಕೆ ಹಿಡಿದು ಅಂಕಿ ಬರೆದುಕೊಂಡಳು, ಒಲೆಯ ಬರ್ನರುಗಳನ್ನು ಒಂದೊಂದಾಗಿ ಹಚ್ಚಿ ಆರಿಸಿದಳು. ಆಮೇಲೆ ಆ ಹಾಲಿಗೆ ಹೋಗಿ ಫೈರನ್ನು ಹಚ್ಚಿ, ಬಾಗಿಲು ಕಿಟಕಿ ಮುಚ್ಚಿಸಿ, ಹೊಗೆಕಡ್ಡಿಯನ್ನು ಅದರ ನೆತ್ತಿಯ ಬಳಿ ಹಿಡಿದಳು. ಬಿಳಿ ಹೊಗೆ ಚಿಮಣಿಯೊಳಗೆ ಎಳೆದುಕೊಂಡು ಹೋಗಬೇಕು. ಹೋಗಲಿಲ್ಲ. ಮೆಲ್ಲಗೆ ಮಗುಚಿ ಹಾಸಿಗೆಯ ಕಡೆಗೆ ಬಂತು. ಅವಳು ಮತ್ತೇನೂ ಮಾತಾಡದೆ ಗ್ಯಾಸ್ ಕಡಿದು, ಬಳಸಬಾರದೆಂಬ ಚೀಟಿ ಅಂಟಿಸಿ, ‘ತಕ್ಷಣದ ಅಪಾಯ’ ಎಂದು ಬರೆದುಕೊಟ್ಟಳು. ಹೊಗೆ ಚಿಮಣಿಯಿಂದ ಹೋಗುವ ಇಂಥ ಫೈರ್ ಇರುವ ಕೋಣೆಯಲ್ಲಿ ಜನ ಮಲಗುವುದಕ್ಕೆ ಕಾಯ್ದೆಯಲ್ಲೇ ಕಟ್ಟುನಿಟ್ಟಿನ ಕಟ್ಟಳೆಗಳಿವೆ. ಮೊದಲು ಬಂದವನು ಎಬ್ಬಿಸದೆ ಬಿಟ್ಟು ಹೋದದ್ದು ಈ ಕೋಣೆಯಲ್ಲಿ ಮಲಗಿದ್ದವನನ್ನೇ.

ಹಾಗಿದ್ದರೂ ನಾವು ಸುಮ್ಮನಿರುವುದು ಯಾಕೆ ಅಂತ ನನಗೆ ಗೊತ್ತಿದೆ. ಮುಂದಿನ ಮನೆಗೆ ರೆಫರೆನ್ಸ್ ಬೇಕು, ಡೆಪಾಸಿಟ್ ವಾಪಸ್ ಬರಬೇಕು, ವೀಸಾ ಕಾಗದದ ಮೇಲೆ ಇದೇ ವಿಳಾಸವಿದೆ. ಮೇಲೆ ಊರಿನಿಂದ ಹೊತ್ತು ತಂದ ಬುದ್ಧಿಮಾತು: ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಓನರ್ ಜೊತೆ ಜಗಳ ಬೇಡ. ಗ್ಯಾಸ್ ದೂರಿಗೂ ವೀಸಾಕ್ಕೂ ಸಂಬಂಧವೇ ಇಲ್ಲ. ಮನೆ ಬಿಡಿಸುವ ಭಯಕ್ಕೂ ಉತ್ತರ ಬಂದಿದೆ. ಕಾರಣ ಹೇಳದೆ ಮನೆ ಬಿಡಿಸುವ ಸೆಕ್ಷನ್ 21 ನೋಟಿಸನ್ನು ಇಂಗ್ಲೆಂಡಿನ ಖಾಸಗಿ ಬಾಡಿಗೆದಾರರ ಮಟ್ಟಿಗೆ 2025ರ ಬಾಡಿಗೆದಾರರ ಹಕ್ಕು ಕಾಯ್ದೆ ಕಿತ್ತುಹಾಕಿದೆ, ಜಾರಿಯ ದಿನ 2026ರ ಮೇ 1. ಒಂದು ಎಚ್ಚರಿಕೆ ಮಾತ್ರ: ಸಿಟ್ಟಿನಲ್ಲಿ ಬಾಡಿಗೆ ಕಟ್ಟುವುದನ್ನು ನಿಲ್ಲಿಸಬೇಡಿ. ಬಾಕಿ ಉಳಿಸಿಕೊಂಡರೆ ಮನೆ ಬಿಡಿಸಲು ನೀವೇ ಕಾರಣ ಕೊಟ್ಟಂತಾಗುತ್ತದೆ. ದಾರಿ ತೋಚದಿದ್ದರೆ ಶೆಲ್ಟರ್, ಸಿಟಿಜನ್ಸ್ ಅಡ್ವೈಸ್ ಇವೆ, ಪುಕ್ಕಟೆ ಸಲಹೆ ಕೊಡುತ್ತಾರೆ.

ಆದರೆ ಭಯದ ಲೆಕ್ಕ ನಿಮ್ಮೊಬ್ಬರದೇ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ನೀವು ಆರು ತಿಂಗಳಿಗೆ ಮನೆ ಬಿಡುತ್ತೀರಿ. ಅದೇ ಕೋಣೆಗೆ ನಮ್ಮದೇ ವಾಟ್ಸಾಪ್ ಗುಂಪಿನಲ್ಲಿ ‘ರೂಮ್ ಖಾಲಿ ಇದೆ, ಕನ್ನಡದವರಿಗೆ ಆದ್ಯತೆ’ ಅಂತ ಸಂದೇಶ ಹಾಕುತ್ತೀರಿ. ಜನವರಿಯ ಚಳಿಯಲ್ಲಿ ಬಂದಿಳಿದ ಹುಡುಗಿಯೊಬ್ಬಳು ನಿಮ್ಮ ಮಾತು ನಂಬಿ, ನಿಮಗೆ ಅನುಮಾನ ಬಂದಿದ್ದ ಆ ಫೈರನ್ನು ಹಚ್ಚಿಕೊಂಡು ಮಲಗುತ್ತಾಳೆ. ಅನುಮಾನ ಬಂದೂ ಹೇಳದೆ ಹೊರಟವರು ಆ ಕೋಣೆಯನ್ನು ಯಾವ ಮುಖ ಹೊತ್ತು ಅವಳಿಗೆ ದಾಟಿಸುತ್ತಾರೆ?

ನಮ್ಮ ಕೈಯಲ್ಲಿರುವ ತಪ್ಪನ್ನೂ ಹೇಳಿಬಿಡೋಣ. ಗಾಳಿ ಬರಲೆಂದೇ ಗೋಡೆಯಲ್ಲಿಟ್ಟ ಜಾಲರಿಗೆ ಚಳಿಯೆಂದು ಟೇಪು ಬಡಿಯುವವರು, ಸದ್ದು ಮಾಡುತ್ತದೆಂದು ಅಲಾರಾಮಿನ ಬ್ಯಾಟರಿ ಬಿಚ್ಚಿ ಟಿವಿ ರಿಮೋಟಿಗೆ ಹಾಕುವವರು ನಾವೇ. ಎಂಜಿನಿಯರ್ ಬಂದರೆ ‘ಇವತ್ತು ಆಗಲ್ಲ’ ಎಂದು ಮತ್ತೆ ಮತ್ತೆ ಕಳಿಸಿಬಿಡುವವರೂ ನಾವೇ. ಅವನು ಬರುವ ದಿನ ಮನೆಯಲ್ಲಿರಿ, ದಾರಿ ತೆರವು ಮಾಡಿಕೊಡಿ, ಪಕ್ಕದಲ್ಲಿ ನಿಂತು ನೋಡಿ. ಅಂದಹಾಗೆ, 2022ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಬಾಯ್ಲರ್, ಫೈರ್ ಇರುವ ವಾಸದ ಕೋಣೆಗಳಿಗೆ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಹಾಕಿಸುವುದು ಓನರಿನ ಕರ್ತವ್ಯ. ಕೆಟ್ಟಿದೆ ಎಂದು ತಿಳಿಸಿದರೆ ಬದಲಿಸಿಕೊಡಬೇಕು. ಬರೀ ಒಲೆಯಿರುವ ಅಡುಗೆಮನೆಗೆ ಈ ಕಡ್ಡಾಯವಿಲ್ಲ, ಅಲ್ಲಿಗೆ ನೀವೇ ಒಂದು ಕೊಂಡು ಇಡಿ.

ಈಗ ಇನ್ನೊಂದು ಬಗೆಯ ಕನ್ನಡಿಗರ ಜೊತೆ ಮಾತು. ಹತ್ತು ಹದಿನೈದು ವರ್ಷ ದುಡಿದು ರೆಡಿಂಗಿನಲ್ಲೋ ಮಿಲ್ಟನ್ ಕೀನ್ಸಿನಲ್ಲೋ ಎರಡನೇ ಮನೆ ಕೊಂಡು ಬಾಡಿಗೆಗೆ ಬಿಟ್ಟವರೇ, ನೀವು ಈಗ ಓನರ್. ಏಜೆಂಟ್ ಎಲ್ಲಾ ನೋಡಿಕೊಳ್ಳುತ್ತಾನೆ ಅಂತ ಕೈ ತೊಳೆದುಕೊಳ್ಳಬೇಡಿ. ಎಲ್ಲರಿಗಿಂತ ಅಗ್ಗಕ್ಕೆ ಮಾಡಿಕೊಡುವವನನ್ನೇ ಹುಡುಕಿ ಎಂದು ನೀವು ಹೇಳಿದ ಮಾತೇ ಆ ಟೀ ಆರುವ ಮುಂಚಿನ ತಪಾಸಣೆಯಾಗಿ ಹೊರಬರುತ್ತದೆ. ಸ್ವಂತ ಮನೆಯಲ್ಲೇ ಮೇಲಿನ ಕೋಣೆಯನ್ನು ಹೊಸದಾಗಿ ಬಂದ ಹುಡುಗನಿಗೆ ಕೊಟ್ಟು, ‘ನಮ್ಮ ಹುಡುಗ, ನಮ್ಮ ಜೊತೆಗೇ ಊಟ’ ಅನ್ನುವ ದಂಪತಿಗಳೇ, ನಿಮ್ಮ ಪ್ರೀತಿ ದೊಡ್ಡದು, ನಿಜ. ಆದರೆ ಬಾಡಿಗೆ ತೆಗೆದುಕೊಂಡ ಮೇಲೆ ಈ ಕಾಯ್ದೆಯ ಕಣ್ಣಿಗೆ ನೀವೂ ಓನರೇ. ವರ್ಷಕ್ಕೊಮ್ಮೆ ಪರೀಕ್ಷೆ ನಿಮ್ಮ ಮನೆಗೂ ಬೇಕು. ನಿಮ್ಮನ್ನು ಅಂಕಲ್, ಆಂಟಿ ಅನ್ನುವ ಹುಡುಗ ಆ ಕಾಗದವನ್ನು ಬಾಯಿಬಿಟ್ಟು ಕೇಳಲಾರ. ಅವನು ಕೇಳುವ ಮುಂಚೆ ನೀವೇ ಕೊಡಿ.

ಊರಿನ ಮಾತೂ ಒಂದಿದೆ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಕಿಟಕಿಯಿಲ್ಲದ ಬಚ್ಚಲುಮನೆಯೊಳಗೇ ಗ್ಯಾಸ್ ಗೀಸರ್ ಹಾಕಿ, ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವರು ಹೊರಬರಲೇ ಇಲ್ಲ ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ, ಒಳಪುಟದ ಸಣ್ಣ ಸುದ್ದಿಯಾಗಿ. ಕೊಂದದ್ದು ಇದೇ ಕಾರ್ಬನ್ ಮಾನಾಕ್ಸೈಡ್. ತಂಗಿ ಪಿಜಿಯಲ್ಲಿದ್ದರೆ, ತಮ್ಮ ಹೊಸ ಮನೆ ಹುಡುಕುತ್ತಿದ್ದರೆ, ಭಾನುವಾರದ ವಿಡಿಯೊ ಕಾಲಿನಲ್ಲಿ ‘ಗೀಸರ್ ಎಲ್ಲಿದೆ ತೋರ್ಸು’ ಅನ್ನಿ. ಬಚ್ಚಲಿನ ಒಳಗಿದ್ದರೆ ಹೊರಗೆ ಹಾಕಿಸಲು ಓನರಿಗೆ ಹೇಳಿಸಿ. ಸಿಲಿಂಡರ್ ಸೋರಿದರೆ ಅಲ್ಲಿ 1906 ಇದೆ. ಆದರೆ ಆ ನಂಬರಿಗೆ ಫೋನ್ ಮಾಡಲು ವಾಸನೆ ಬರಬೇಕು, ಕಾರ್ಬನ್ ಮಾನಾಕ್ಸೈಡಿಗೆ ಅದೂ ಇಲ್ಲ.

ಕನ್ನಡ ಬಳಗ, ಕನ್ನಡ ಸಂಘಗಳ ಪದಾಧಿಕಾರಿಗಳೇ, ಕೊನೆಯ ಕೋರಿಕೆ ನಿಮಗೆ. ಇಲ್ಲಿ ರಾಜ್ಯೋತ್ಸವ ಬರುವುದು ಮನೆಮನೆಯ ಬಾಯ್ಲರ್ ಹೊತ್ತಿಕೊಳ್ಳುವ ತಿಂಗಳಲ್ಲೇ. ನೂರಾರು ಹೊಸಬರು ಬಿಸಿಬೇಳೆಬಾತಿಗಾಗಿಯಾದರೂ ಸಭಾಂಗಣಕ್ಕೆ ಬರುತ್ತಾರೆ. ಬಾಗಿಲ ಬಳಿ, ಕೂಪನ್ ಕೊಡುವ ಜಾಗದ ಪಕ್ಕದಲ್ಲೇ, ಒಂದು ಮೇಜು ಹಾಕಿ. ಅಲ್ಲಿ ಇಬ್ಬರು ಕೂರಲಿ, ರೆಕಾರ್ಡ್ ಓದಲು ಬಲ್ಲವರೊಬ್ಬರು, ದೂರಿನ ಇಂಗ್ಲಿಷ್ ಚೊಕ್ಕವಾಗಿ ಬರೆಯಬಲ್ಲವರೊಬ್ಬರು. ಬಂದವರ ಫೋನಿನಲ್ಲೇ ಪಿಡಿಎಫ್ ತೆರೆಸಿ, ಉಪಕರಣಗಳ ಹೆಸರು ಓದಿಸಿ, ಸಂಖ್ಯೆ ಹುಡುಕಿಸಿ, ಕಳಿಸಬೇಕಾದ ಮೇಲನ್ನು ಅಲ್ಲೇ ಕೂತು ಕಳಿಸಿ. ಭಾಷಣದ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾದರೂ ಪರವಾಗಿಲ್ಲ. ನಮ್ಮೂರಿನ ಸಂಘದಲ್ಲಿ ಆ ಮೇಜಿಗೆ ನಾನು ಕೂರುತ್ತೇನೆ, ಜೊತೆಗೆ ಇನ್ನೊಬ್ಬರು ಬೇಕು.